ನೆತ್ತಿಯ ಮೇಲಣ ಬಯಲು: ನಿಜಾಮರ ಕಾಲದ ಒಂದು ನಕ್ಷತ್ರಗಣತಿ

ಶಾಲಿವಾಹನ ಶಕ 1790, ವಿಭವ ಸಂವತ್ಸರ, ಶ್ರಾವಣ ಬಹುಳ ಅಮಾವಾಸ್ಯೆ, ಮಂಗಳವಾರ. ಇಂಗ್ಲಿಷ್ ಲೆಕ್ಕಕ್ಕೆ 1868ರ ಆಗಸ್ಟ್ 18. ಆ ಬೆಳಿಗ್ಗೆ ಅರಬ್ಬೀ ಸಮುದ್ರದಿಂದ ದಡ ಹತ್ತಿದ ಚಂದ್ರನ ನೆರಳು ಜಮಖಂಡಿಯ ಮೇಲೆ ಹಾದು, ಕೃಷ್ಣೆಯನ್ನು ದಾಟಿ, ಎಡೆದೊರೆ ನಾಡಿನ ಮೇಲೆ ಕವಿಯಿತು. ದೇವದುರ್ಗದಲ್ಲಿ ನಾಯಕರ ಕೋಟೆ, ಮಾನ್ವಿಯಲ್ಲಿ ಜಗನ್ನಾಥದಾಸರು ಬಾಳಿ ಹೋದ ಊರೊಟ್ಟು, ರಾಯಚೂರಿನಲ್ಲಿ ಬೆಟ್ಟವೂ ಅದರ ಬುಡದ ಕಲ್ಲುಗೋಡೆಗಳೂ ಐದು ನಿಮಿಷದಷ್ಟು ಹೊತ್ತು ಹಗಲಲ್ಲೇ ಕತ್ತಲೊಳಗೆ ಮುಳುಗಿದವು. ಆಮೇಲೆ ನೆರಳು ಗುಂಟೂರಿನ ಮೇಲಿಂದ ಬಂಗಾಳ ಕೊಲ್ಲಿಗೆ ಇಳಿಯಿತು.

ಆ ನೆರಳಿನ ದಾರಿಯುದ್ದಕ್ಕೂ ಕಾದು ಕುಳಿತವರಿದ್ದರು. ಜಮಖಂಡಿಯಲ್ಲಿ ಸರ್ ಜಾನ್ ಹರ್ಷೆಲ್ ಅವರ ಮಗ ಲೆಫ್ಟಿನೆಂಟ್ ಹರ್ಷೆಲ್, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ಮಚಲೀಪಟ್ಟಣದಲ್ಲಿ ಮದರಾಸು ವೀಕ್ಷಣಾಲಯದ ಮುಖ್ಯಸ್ಥ ನಾರ್ಮನ್ ಪಾಗ್ಸನ್. ಇವರೆಲ್ಲರಿಗಿಂತ ರಾಯಚೂರಿಗೆ ಹತ್ತಿರ, ವನಪರ್ತಿಯಲ್ಲಿ ಬೀಡುಬಿಟ್ಟವರು ಪಾಗ್ಸನ್ ಅವರ ಸಹಾಯಕ ಚಿಂತಾಮಣಿ ರಘುನಾಥಾಚಾರಿ. ಪಂಚಾಂಗ ಬರೆಯುವ ಮನೆತನದವರು. ಅದರ ಹಿಂದಿನ ವರ್ಷವಷ್ಟೇ ತೆಂಕಣ ಬಾನಿನ ರೆಟಿಕ್ಯುಲಮ್ ಪುಂಜದ ಒಂದು ನಕ್ಷತ್ರದ ಬೆಳಕು ಏರಿಳಿಯುತ್ತದೆಂದು ಕಂಡುಹಿಡಿದಿದ್ದರು. 1874ರ ಶುಕ್ರ ಸಂಕ್ರಮಣದ ಬಗ್ಗೆ ಅವರು ಬರೆದ ಪುಸ್ತಿಕೆ ಕನ್ನಡದಲ್ಲೂ ಹೊರಬಂತು. ನಮ್ಮ ವಿಜ್ಞಾನ ಸಾಹಿತ್ಯದ ಚರಿತ್ರೆ ಬರೆಯುವವರು ಆ ಪುಸ್ತಿಕೆಗೆ ಕೊಡಬೇಕಾದಷ್ಟು ಜಾಗ ಕೊಟ್ಟಿಲ್ಲವೆಂಬುದು ನನ್ನ ತಕರಾರು.

ಪಾಗ್ಸನ್ ಅವರನ್ನು ಜಗತ್ತು ನೆನೆಯುವುದು ಗ್ರಹಣಕ್ಕಾಗಿ ಅಲ್ಲ. ನಕ್ಷತ್ರಗಳನ್ನು ಮೊದಲ ದರ್ಜೆ, ಎರಡನೆಯ ದರ್ಜೆ ಎಂದು ಕಣ್ಣಳತೆಯಲ್ಲೇ ವಿಂಗಡಿಸುವುದು ಗ್ರೀಕರ ಕಾಲದಿಂದ ನಡೆದುಬಂದ ರೂಢಿ. ಒಬ್ಬರ ಆರನೆಯ ದರ್ಜೆ ಇನ್ನೊಬ್ಬರಿಗೆ ಏಳನೆಯದಾಗುತ್ತಿತ್ತು. 1856ರಲ್ಲಿ ಪಾಗ್ಸನ್ ಇದಕ್ಕೊಂದು ಕಟ್ಟು ಹಾಕಿದರು: ಐದು ದರ್ಜೆಯ ಅಂತರವೆಂದರೆ ಬೆಳಕಿನಲ್ಲಿ ಸರಿಯಾಗಿ ನೂರು ಪಟ್ಟು; ಹಾಗಾದರೆ ಒಂದು ದರ್ಜೆಗೆ ಸುಮಾರು 2.512 ಪಟ್ಟು. ಇದನ್ನೇ ಕಾಂತಿಮಾನ ಎನ್ನುತ್ತೇವೆ. ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು. 1861ರಲ್ಲಿ ಮದರಾಸಿಗೆ ಬಂದ ಪಾಗ್ಸನ್ 1891ರಲ್ಲಿ ಅಲ್ಲೇ ಮಣ್ಣಾದರು. ನಕ್ಷತ್ರಗಳ ಬೆಳಕನ್ನು ಅಳೆಯುವ ದ್ಯುತಿಮಾಪನ ವಿದ್ಯೆಗೆ ಅಳತೆಗೋಲು ಕೊಟ್ಟ ಮನುಷ್ಯ ಬಾಳಿನ ಕೊನೆಯ ಮೂವತ್ತು ವರ್ಷವನ್ನು ನಮ್ಮ ದಕ್ಷಿಣ ದೇಶದಲ್ಲೇ ಕಳೆದರು.

ಗ್ರಹಣ ಕಳೆದು ಮೂರು ವರ್ಷಕ್ಕೆ, 1871ರಲ್ಲಿ, ಮದರಾಸಿನಿಂದ ಬಂದ ರೈಲು ಹಳಿಯೂ ಮುಂಬಯಿಯಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಅಲ್ಲಿಂದ ಮುಂದೆ ಊರಿನ ಚಹರೆಯೇ ಬದಲಾಯಿತು. ಆದರೆ ಅಧಿಕಾರದ ದಾರಿ ಸಾಗುತ್ತಿದ್ದುದು ಮದರಾಸಿಗೂ ಅಲ್ಲ, ಮುಂಬಯಿಗೂ ಅಲ್ಲ, ಹೈದರಾಬಾದಿಗೆ. 1853ರ ಕರಾರಿನಲ್ಲಿ ಕಂಪನಿ ಸರಕಾರ ಕಸಿದುಕೊಂಡ ದೋಆಬವನ್ನು, ಅಂದರೆ ಇದೇ ಎಡೆದೊರೆ ನಾಡನ್ನು, 1860ರಲ್ಲಿ ಬ್ರಿಟಿಷರು ನಿಜಾಮರಿಗೆ ಮರಳಿಸಿದ್ದರು. 1857ರ ದಂಗೆಯಲ್ಲಿ ತಮ್ಮ ಪರ ನಿಂತದ್ದಕ್ಕೆ ಸಂದ ಬಳುವಳಿ ಅದು. ಹೀಗಾಗಿ ದೇವದುರ್ಗದ ಮಾಲಿಪಾಟೀಲ, ಮಾನ್ವಿಯ ಪಟವಾರಿ, ರಾಯಚೂರಿನ ಅವ್ವಲ್ ತಾಲ್ಲೂಕುದಾರ ಎಂಬ ಏಣಿಯನ್ನೇರಿ ಎರಿ ಹೊಲದ ಕಂದಾಯ ಹೈದರಾಬಾದಿನ ಬೊಕ್ಕಸ ಸೇರುತ್ತಿತ್ತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ಹಾಲಿ ಸಿಕ್ಕಾ ರೂಪಾಯಿ, ಫಸಲಿ ವರ್ಷ. ಈ ಬೊಕ್ಕಸದ ಹಣದಲ್ಲಿ ಮುಂದೆ ನಕ್ಷತ್ರಗಳ ಲೆಕ್ಕವೂ ನಡೆಯಿತು. ಆ ಲೆಕ್ಕದಲ್ಲಿ ದೋಆಬದ ಜೋಳ ಹತ್ತಿಯ ಪಾಲೂ ಇದೆ. ಇದನ್ನು ಹೇಳಿದವರು ಕಡಿಮೆ, ಅದಕ್ಕೇ ಈ ಕಥನ.

ಮೊದಲು ಹೈದರಾಬಾದಿನಲ್ಲಿ ನಕ್ಷತ್ರ ನೋಡುವುದು ಒಬ್ಬ ಶ್ರೀಮಂತರ ಹವ್ಯಾಸವಾಗಿತ್ತು. ನವಾಬ ಜಾಫರ್ ಜಂಗ್ ಇಂಗ್ಲೆಂಡಿನಲ್ಲಿ ಓದಿ ಬಂದವರು. 1901ರಲ್ಲಿ, ಪ್ಲವ ಸಂವತ್ಸರದಲ್ಲಿ, ಹೈದರಾಬಾದಿನ ಫಿಸಲ್‌ಬಂಡಾದಲ್ಲಿದ್ದ ತಮ್ಮ ಮಹಲಿನಲ್ಲೇ ವೀಕ್ಷಣಾಲಯ ಕಟ್ಟಿಸಿದರು. ಗ್ರಬ್ ಕಂಪನಿಯ ಹದಿನೈದು ಅಂಗುಲದ ದೂರದರ್ಶಕ ತರಿಸಿದರು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಅಪ್ಪಣೆ ಪಡೆದು ‘ನಿಜಾಮಿಯಾ’ ಎಂದು ಹೆಸರಿಟ್ಟರು. 1907ರಲ್ಲಿ ನವಾಬರು ತೀರಿಕೊಂಡರು. ಮರುವರ್ಷ ಸರಕಾರವೇ ಅದನ್ನು ವಹಿಸಿಕೊಂಡಿತು. ಮೂಸಿ ನದಿ ಉಕ್ಕಿ ಹೈದರಾಬಾದು ಕೊಚ್ಚಿಹೋದದ್ದೂ ಅದೇ 1908ರಲ್ಲಿ. ಅಂಥ ವರ್ಷದಲ್ಲಿ ಒಂದು ಸಂಸ್ಥಾನ ನಕ್ಷತ್ರ ನೋಡುವ ಮನೆಗೆ ಹಣ ಎತ್ತಿಟ್ಟದ್ದು ಸಣ್ಣ ಮಾತಲ್ಲ. ಆರ್ಥರ್ ಚಾಟ್‌ವುಡ್ ಮೊದಲ ನಿರ್ದೇಶಕರಾಗಿ ಬಂದರು. ವೀಕ್ಷಣಾಲಯ ಬೇಗಂಪೇಟೆಗೆ ಸಾಗಿತು. ಗ್ರಬ್ ದೂರದರ್ಶಕದ ಜೊತೆಗೆ ಕುಕ್ ಕಂಪನಿಯ ಎಂಟು ಅಂಗುಲದ ಒಂದು ಅಸ್ಟ್ರೋಗ್ರಾಫ್ ಇತ್ತು, ಎಂದರೆ ಆಕಾಶದ ಫೋಟೋ ತೆಗೆಯಲೆಂದೇ ಮಾಡಿದ ದೂರದರ್ಶಕ. ಮುಂದಿನ ಕಥೆಯೆಲ್ಲ ಇದರದು.

ಇದಕ್ಕೆಲ್ಲ ಮೊದಲೇ, 1887ರಲ್ಲಿ, ಪ್ಯಾರಿಸಿನಲ್ಲಿ ಅಲ್ಲಿನ ವೀಕ್ಷಣಾಲಯದ ಮುಖ್ಯಸ್ಥ ಅಡ್ಮಿರಲ್ ಮೂಶೆ ಕರೆದ ಸಭೆ ಸೇರಿತ್ತು. ಇಡೀ ಆಕಾಶವನ್ನು ಪಟ್ಟಿಪಟ್ಟಿಯಾಗಿ ಸೀಳಿ, ಒಂದೊಂದು ಪಟ್ಟಿಯನ್ನು ಒಂದೊಂದು ವೀಕ್ಷಣಾಲಯಕ್ಕೆ ಗುತ್ತಿಗೆ ಕೊಟ್ಟಂತೆ ಹಂಚಿ, ಹನ್ನೊಂದನೆಯ ಕಾಂತಿಮಾನದವರೆಗಿನ ಎಲ್ಲ ನಕ್ಷತ್ರಗಳನ್ನೂ ಗಾಜಿನ ಫಲಕದ ಮೇಲೆ ಹಿಡಿದು ಅಳೆದು ಅಚ್ಚು ಹಾಕಿಸುವುದೆಂದು ತೀರ್ಮಾನವಾಯಿತು. ಫಲಕದ ಮೇಲೆ ಒಂದು ಮಿಲಿಮೀಟರಿಗೆ ಆಕಾಶದ ಒಂದು ಕಲೆ, ಅಂದರೆ ಅಂಶದ ಅರವತ್ತನೆಯ ಒಂದು ಪಾಲು. ಈ ಅಳತೆ ಎಲ್ಲರಿಗೂ ಒಂದೇ. ಹದಿನೆಂಟು ವೀಕ್ಷಣಾಲಯಗಳು ಹೂಂ ಅಂದವು. ಹೂಂ ಅಂದದ್ದು ಸುಲಭ. ಕೆಲಸ ಮುಗಿಸಲು ಕೆಲವಕ್ಕೆ ಐವತ್ತು ವರ್ಷ ಹಿಡಿಯಿತು, ಕೆಲವು ನಡುದಾರಿಯಲ್ಲೇ ಕೈಚೆಲ್ಲಿದವು. ಚಿಲಿ ದೇಶದ ಸ್ಯಾಂಟಿಯಾಗೊ ತನ್ನ ಪಾಲಿನ ಪಟ್ಟಿಯನ್ನು ಮುಗಿಸಲಾರದೆ ಬಿಟ್ಟಿತು. ದಕ್ಷಿಣ ಕ್ರಾಂತಿ, ಅಂದರೆ ಆಕಾಶದ ವಿಷುವದ್ವೃತ್ತದಿಂದ ತೆಂಕಣಕ್ಕೆ, 17ರಿಂದ 23 ಅಂಶದವರೆಗಿನ ಆ ಪಟ್ಟಿ ಹೈದರಾಬಾದಿನ ಕೈಗೆ ಬಂತು. ಮುಂದೆ ಜರ್ಮನಿಯ ಪಾಟ್ಸ್‌ಡಾಮ್ ಬಿಟ್ಟದ್ದರಲ್ಲಿ ಉತ್ತರ ಕ್ರಾಂತಿ 36ರಿಂದ 39ರವರೆಗಿನದನ್ನೂ ಹೈದರಾಬಾದೇ ವಹಿಸಿಕೊಂಡಿತು. ದಕ್ಷಿಣದ ಫಲಕಗಳ ಕಾಲ 1914ರಿಂದ 1929, ಉತ್ತರದವು 1928ರಿಂದ 1938.

ಪರರು ಬಿಟ್ಟ ಎರಡು ಪಟ್ಟಿಗಳು. ಯಾರೂ ಆರಿಸಿಕೊಂಡದ್ದಲ್ಲ. ಆದರೆ ನಕ್ಷತ್ರಪಟದ ಮೇಲೆ ಅವನ್ನು ಬೆರಳಿಟ್ಟು ಅನುಸರಿಸಿ ನೋಡಿ. ದಕ್ಷಿಣದ ಪಟ್ಟಿ ಧನುರಾಶಿಯಲ್ಲಿ ಆಕಾಶಗಂಗೆಯ ಅತಿ ದಟ್ಟ ಭಾಗವನ್ನು ಅಡ್ಡ ಹಾಯುತ್ತದೆ. ಅಲ್ಲಿಂದ ಮೂಡಣಕ್ಕೆ ಸಾಗಿದಷ್ಟೂ ನಕ್ಷತ್ರಗಳು ವಿರಳವಾಗಿ, ಆಕಾಶಗಂಗೆಯ ದಕ್ಷಿಣ ಧ್ರುವಕ್ಕೆ ಬರೀ ಏಳೆಂಟು ಅಂಶ ದೂರದಲ್ಲಿ ಹಾದು, ಮತ್ತೆ ಲುಬ್ಧಕನ ತೆಂಕಣಕ್ಕೆ ಆಕಾಶಗಂಗೆಯನ್ನೇ ಸೇರುತ್ತದೆ. ಉತ್ತರದ ಪಟ್ಟಿಯೂ ಹಾಗೆಯೇ. ರಾಜಹಂಸ ಪುಂಜದಲ್ಲಿ ಗಂಗೆಯ ನಡುವೆ ಹೊರಟು, ಅದರ ಉತ್ತರ ಧ್ರುವದಿಂದ ಹತ್ತು ಅಂಶದಾಚೆ ಸುತ್ತುಹಾಕಿ ಬರುತ್ತದೆ. ಅಭಿಜಿತ್ ನಕ್ಷತ್ರವೂ ಈ ಪಟ್ಟಿಯೊಳಗೇ ಇದೆ. ದ್ಯುತಿಮಾಪಕರು ಸೊನ್ನೆ ಕಾಂತಿಮಾನಕ್ಕೆ ಇಟ್ಟುಕೊಂಡ ಗುರುತಿನ ಕಲ್ಲು ಅದು. ಮಂಕು ನಕ್ಷತ್ರಕ್ಕೆಂದು ಹದ ಮಾಡಿದ ಫಲಕದಲ್ಲಿ ಅದು ಬರೀ ದೊಡ್ಡ ಕರಿ ಮಚ್ಚೆಯಾಗಿ ಬೀಳುತ್ತದೆಂಬುದು ಬೇರೆ ಮಾತು.

ಆಕಾಶಗಂಗೆಗೆ ಧ್ರುವವೆಲ್ಲಿಂದ ಬಂತೆಂದು ಕೇಳುವವರಿರಬಹುದು. ನಮ್ಮ ನಕ್ಷತ್ರಲೋಕ ಚಪ್ಪಟೆ ತಟ್ಟೆಯಂಥದು. ಸೂರ್ಯನಿರುವುದು ಅದರ ದಪ್ಪದೊಳಗೆ, ಸುಮಾರು ನಡುಮಟ್ಟದಲ್ಲಿ. ಆಳೆತ್ತರದ ಬಿಳಿಜೋಳದ ಹೊಲದ ನಡುವೆ ನಿಂತವರು ಅಡ್ಡಕ್ಕೆ ನೋಡಿದರೆ ದಂಟಿನ ಹಿಂದೆ ದಂಟು, ಕಣ್ಣು ಎಲ್ಲೂ ದಾಟದು; ತಲೆಯೆತ್ತಿದರೆ ನಾಲ್ಕು ತೆನೆ, ಅದರಾಚೆ ಬಯಲು. ತಟ್ಟೆಯ ಉದ್ದಕ್ಕೆ ಕಾಣುವ ನಕ್ಷತ್ರಗಳ ದಟ್ಟಣೆಯೇ ಆಕಾಶಗಂಗೆ. ತಟ್ಟೆಗೆ ನೇರ ಮೇಲಕ್ಕೆ ಮತ್ತು ನೇರ ಕೆಳಕ್ಕೆ ನೋಡುವ ಎರಡು ದಿಕ್ಕುಗಳೇ ಅದರ ಧ್ರುವಗಳು.

ದೋಆಬದ ಜನಕ್ಕೆ ಈ ಎರಡು ದಿಕ್ಕುಗಳನ್ನು ತೋರಿಸಲು ಪಂಚಾಂಗವೇ ಸಾಕು. ಯುಗಾದಿಯ ಆಸುಪಾಸು ನಡುರಾತ್ರಿಗೆ ದೇವದುರ್ಗದ ಬಯಲಲ್ಲಿ ನಿಂತರೆ ಉತ್ತರ ಧ್ರುವ ನೆತ್ತಿಯಿಂದ ಬರೀ ಹನ್ನೊಂದು ಅಂಶ ಬಡಗಣಕ್ಕೆ ಇರುತ್ತದೆ. ಹೊಸ ಚಂದ್ರ ಆಗಲೇ ಮುಳುಗಿರುತ್ತಾನೆ, ಬೆಳುದಿಂಗಳ ಅಡ್ಡಿಯಿಲ್ಲ. ಹಿಂಗಾರಿಯ ಉತ್ತರಿ ಮಳೆಗೂ ಸ್ವಾತಿ ಮಳೆಗೂ ಹೆಸರು ಕೊಟ್ಟ ಆ ಎರಡು ನಕ್ಷತ್ರಗಳ ನಡುವೆ, ತುಸು ಬಡಗಣಕ್ಕೆ ಇದೆ ಆ ಜಾಗ. ಅಲ್ಲಿ ಕಣ್ಣಿಗೆ ಹೇಳಿಕೊಳ್ಳುವಂಥದ್ದೇನೂ ಕಾಣದು. ಆಕಾಶಗಂಗೆ ಆ ಹೊತ್ತಿಗೆ ದಿಗಂತದ ಅಂಚಿಗೆ ಸುತ್ತ ಬಳಸಿ ಬಿದ್ದುಕೊಂಡಿರುತ್ತದೆ, ನೆತ್ತಿ ಬರಿದು. ಆರು ತಿಂಗಳು ಕಳೆದು, ನವರಾತ್ರಿಗೆ ಘಟ ಹಾಕುವ ದಿನಗಳ ನಡುರಾತ್ರಿಗೆ ಮಾನ್ವಿಯಿಂದ ತೆಂಕಣಕ್ಕೆ ಮುಖ ಮಾಡಿದರೆ, ದಿಗಂತದಿಂದ 47 ಅಂಶ ಎತ್ತರದಲ್ಲಿ ದಕ್ಷಿಣ ಧ್ರುವ. ಅಲ್ಲಿಯೂ ಕಣ್ಣಿಗೆ ಬರಿಬಯಲೇ.

ಹೈದರಾಬಾದಿನ ಪಾಲಿಗೆ ಬಂದ ಎರಡೂ ಪಟ್ಟಿಗಳಲ್ಲಿ ಈ ಬಯಲಿನ ಪಾಲು ದೊಡ್ಡದು. ಕೆಲಸ ಮಾಡುವವರಿಗೆ ಇದು ಸಮಾಧಾನದ ಸಂಗತಿಯಾಗಿದ್ದಿರಬೇಕು. ಧನುರಾಶಿಯ ಒಂದು ಫಲಕ ಅಳೆಯುವ ಹೊತ್ತಿನಲ್ಲಿ ಧ್ರುವದ ಕಡೆಯ ಹಲವು ಫಲಕಗಳು ಮುಗಿಯುತ್ತವೆ. ಆ ಕಾಲಕ್ಕೆ ಯಾರಾದರೂ ಬೆಲೆ ಕಟ್ಟಿದ್ದರೆ ಧನುರಾಶಿಯ ಫಲಕಕ್ಕೇ ಹೆಚ್ಚು ಕಟ್ಟುತ್ತಿದ್ದರು. ನಾನಾದರೆ ಬಯಲಿನ ಫಲಕವನ್ನೇ ಎತ್ತಿಕೊಳ್ಳುತ್ತೇನೆ. ಕಾರಣ ಮುಂದೆ ಬರುತ್ತದೆ.

ಕೆಲಸದ ಬಗೆ ಹೀಗಿತ್ತು. ಫಲಕದ ಮೇಲೆ ಮೊದಲೇ ಐದೈದು ಮಿಲಿಮೀಟರಿನ ಚೌಕುಳಿ ಗೆರೆಗಳನ್ನು ಬೆಳಕಿನಿಂದ ಮೂಡಿಸಿರುತ್ತಾರೆ. ರಾತ್ರಿ ಅದನ್ನು ದೂರದರ್ಶಕಕ್ಕೆ ಕೂರಿಸಿ ಆಕಾಶಕ್ಕೆ ಒಡ್ಡುತ್ತಾರೆ. ತೊಳೆದಾಗ ಗಾಜಿನ ಮೇಲೆ ಗೆರೆಗಳೂ ಕರಿ ಚುಕ್ಕೆಗಳೂ ಒಟ್ಟಿಗೆ ಎದ್ದು ಬರುತ್ತವೆ. ಹಗಲು ಅಳತೆಗಾರರು ಅದನ್ನು ಬೆಳಕಿಗೆ ಹಿಡಿದ ಚೌಕಟ್ಟಿನಲ್ಲಿಟ್ಟು, ಮೈಕ್ರೋಮೀಟರಿನ ಕಣ್ಣಿಗೆ ಕಣ್ಣು ಹಚ್ಚಿ, ಒಂದೊಂದು ಚುಕ್ಕೆಗೂ ಮೂರು ಸಂಗತಿ ಗೊತ್ತುಮಾಡುತ್ತಾರೆ: ಚೌಕುಳಿಯ ಎಡಗೆರೆಯಿಂದ ಎಷ್ಟು, ಕೆಳಗೆರೆಯಿಂದ ಎಷ್ಟು, ಚುಕ್ಕೆ ಎಷ್ಟು ದಪ್ಪ. ಮೊದಲೆರಡು ಅಂಕಿ ನಕ್ಷತ್ರದ ಸ್ಥಾನ. ಮೂರನೆಯದು ಅದರ ಬೆಳಕು. ನಕ್ಷತ್ರ ಉಜ್ವಲವಾದಷ್ಟೂ ಚುಕ್ಕೆ ಹಿಗ್ಗುತ್ತದೆ. ಹಿಗ್ಗಿನಿಂದ ಕಾಂತಿಮಾನವನ್ನು ಎಣಿಸಬೇಕು. ಪಕ್ಕಪಕ್ಕದ ಫಲಕಗಳು ಒಂದರ ಮೇಲೊಂದು ಹಾಯುವುದರಿಂದ ಒಂದೇ ನಕ್ಷತ್ರ ಎರಡೆರಡು ಸಲ ಅಳತೆಗೆ ಸಿಗುತ್ತದೆ. ತಪ್ಪು ಹಿಡಿಯಲು ಇದೇ ಉಪಾಯ.

ಇಂದಿನ ಕಣ್ಣಿಗೆ ಮೂರನೆಯ ಅಂಕಿ ಕಚ್ಚಾ ದ್ಯುತಿಮಾಪನ. ರಾತ್ರಿಯ ಮಂಜು, ಫಲಕದ ಮದ್ದಿನ ಹದ, ಔಷಧ ನೀರಿನ ಬಿಸಿ ಎಲ್ಲವೂ ಚುಕ್ಕೆಯ ದಪ್ಪವನ್ನು ಏರುಪೇರು ಮಾಡುತ್ತವೆ. ಒಂದೊಂದು ವೀಕ್ಷಣಾಲಯ ತನ್ನದೇ ಮಾಪಕ ಹಿಡಿದಿತ್ತು. ಪಾಗ್ಸನ್ ಹಾಕಿದ ಕಟ್ಟು ಕಾಗದದ ಮೇಲೆ ಗಟ್ಟಿ, ಗಾಜಿನ ಮೇಲೆ ಸಡಿಲ.

1914ರಲ್ಲಿ ಆಕ್ಸ್‌ಫರ್ಡಿನಿಂದ ರಾಬರ್ಟ್ ಪೋಕಾಕ್ ನಿರ್ದೇಶಕರಾಗಿ ಬಂದರು. ಕೆಲಸಕ್ಕೆ ಓಟ ಸಿಕ್ಕಿದ್ದು ಆಗ. ಯುರೋಪಿನಲ್ಲಿ ಮಹಾಯುದ್ಧ ಹತ್ತಿದ ವರ್ಷ ಅದು. ಅದೇ ಹೊತ್ತಿಗೆ ಸಂಸ್ಥಾನದಲ್ಲಿ ಪುರಾತತ್ವ ಇಲಾಖೆಯೂ ಹುಟ್ಟಿತ್ತು. 1915ರ ಜನವರಿಯಲ್ಲಿ ನಿಜಾಮರ ನೌಕರಿಯಲ್ಲಿದ್ದ ಚಿನ್ನದ ಗಣಿ ಎಂಜಿನಿಯರ್ ಬೀಡನ್ ರಾಯಚೂರು ಜಿಲ್ಲೆಯ ಮಸ್ಕಿಯ ಗುಡ್ಡದಲ್ಲಿ ಒಂದು ಬರಹ ಕಂಡರು. ಓದಿದಾಗ ‘ದೇವಾನಾಂಪ್ರಿಯ’ನ ಬಿರುದಿನ ಜೊತೆ ಅಶೋಕ ಎಂಬ ಹೆಸರು ಮೊದಲ ಬಾರಿಗೆ ಅವನದೇ ಶಾಸನದಲ್ಲಿ ಸಿಕ್ಕಿತು. ಬೇಗಂಪೇಟೆಯಲ್ಲಿ ದಕ್ಷಿಣ ಪಟ್ಟಿಯ ಫಲಕಗಳು ಒಂದೊಂದಾಗಿ ತೊಳೆದು ಒಣಗುತ್ತಿದ್ದ ತಿಂಗಳುಗಳವು. ಒಂದೇ ಸರಕಾರ, ಎರಡು ಇಲಾಖೆ. ಒಂದು ಎರಡು ಸಾವಿರ ವರ್ಷದ ಹಿಂದಿನ ಅಕ್ಷರ ಓದುತ್ತಿತ್ತು. ಇನ್ನೊಂದು ಹಿಡಿಯುತ್ತಿದ್ದ ಬೆಳಕಿನಲ್ಲಿ ಅಶೋಕನ ಕಾಲಕ್ಕೂ ಮೊದಲೇ ಹೊರಟದ್ದಿತ್ತು. ಎರಡು ಸಾವಿರ ಜ್ಯೋತಿರ್ವರ್ಷಕ್ಕೂ ಆಚೆಯ ನಕ್ಷತ್ರಗಳು ಆ ಫಲಕಗಳಲ್ಲಿ ಬೇಕಾದಷ್ಟಿದ್ದವು.

ಪೋಕಾಕ್ 1918ರಲ್ಲಿ ತೀರಿಕೊಂಡರು. ಆಮೇಲೆ ಟಿ. ಪಿ. ಭಾಸ್ಕರನ್. ಈ ವೀಕ್ಷಣಾಲಯಕ್ಕೆ ಮೊದಲ ಭಾರತೀಯ ನಿರ್ದೇಶಕರು ಅವರೇ, 1944ರವರೆಗೆ ಇದ್ದರು. 1919ರಲ್ಲಿ ವೀಕ್ಷಣಾಲಯ ಉಸ್ಮಾನಿಯಾ ವಿಶ್ವವಿದ್ಯಾಲಯದ ಆಡಳಿತಕ್ಕೆ ಸೇರಿತು. ಉತ್ತರದ ಪಟ್ಟಿಯನ್ನು ತೆಗೆದುಕೊಂಡದ್ದು, ಎರಡೂ ಪಟ್ಟಿಗಳ ಫಲಕ ಮುಗಿಸಿದ್ದು ಭಾಸ್ಕರನ್ ಅವರ ಕಾಲದಲ್ಲೇ. 1917ರಿಂದ 1946ರವರೆಗೆ ಹನ್ನೆರಡು ಸಂಪುಟ ಅಚ್ಚಾದವು. ಏಳೂವರೆ ಲಕ್ಷಕ್ಕೂ ಮೀರಿದ ನಕ್ಷತ್ರ ಸ್ಥಾನಗಳು. ಸಂಪುಟ ತೆರೆದರೆ ಅಂಕಿಯ ಹೊರತು ಮತ್ತೇನೂ ಇಲ್ಲ.

ಆ ಅಂಕಿಗಳನ್ನು ದಿನಗಟ್ಟಲೆ ಕಣ್ಣು ಕೀಲಿಸಿ ಬರೆದವರನ್ನು ಇಂದು ಯಾರೂ ನೆನೆಯುವುದಿಲ್ಲ. ಈ ವಿಷಯದಲ್ಲಿ ರಾಯಚೂರು ಕೋಟೆ ಹೆಚ್ಚು ಉದಾರಿ. ಅದರ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದನೆಂದು ಅದರ ಮೇಲಿನ ಶಾಸನ ಹೇಳುತ್ತದೆ. ಶಾಸನ ಬರೆಸಿದವನ ಹೆಸರಿಗಿಂತ ನನಗೆ ಇಷ್ಟವಾದದ್ದು ಅಲ್ಲಿ ಕೊರೆದ ಗೆರೆಚಿತ್ರ. ಆ ಕಲ್ಲನ್ನೇ ಬಂಡಿಯ ಮೇಲೆ ಹೇರಿದ್ದಾರೆ. ಕೋಣಗಳ ಉದ್ದನೆಯ ಸಾಲು ಜಗ್ಗುತ್ತಿದೆ. ಆಳುಗಳು ಗಾಲಿಗೆ ಮೀಟುಗೋಲು ಕೊಟ್ಟು ಎತ್ತುತ್ತಿದ್ದಾರೆ. ಹೈದರಾಬಾದಿನ ಹನ್ನೆರಡು ಸಂಪುಟಗಳಿಗೆ ಇಂಥ ಒಂದು ಚಿತ್ರ ಬೇಕಿತ್ತು.

ಇತ್ತ ಅಳತೆ ನಡೆದಂತೆ ಅತ್ತ ಬಯಲಿನ ಬೆಲೆ ಜಗತ್ತಿಗೆ ತಿಳಿಯತೊಡಗಿತ್ತು. ಡಚ್ ವಿಜ್ಞಾನಿ ಕಾಪ್ಟೈನ್ 1906ರಲ್ಲೇ ಆಕಾಶದ ಆಯ್ದ ಭಾಗಗಳಲ್ಲಿ ನಕ್ಷತ್ರಗಳನ್ನು ಎಣಿಸಿ ಅವುಗಳ ಬೆಳಕು, ಚಲನೆ ಅಳೆಯುವ ಯೋಜನೆ ಹಾಕಿದ್ದರು. ಆಕಾಶಗಂಗೆಯ ಉದ್ದಕ್ಕೆ ನೋಡಿದಾಗ ಎಣಿಕೆ ಒಂದು ದೂರದಲ್ಲಿ ಕುಸಿಯುತ್ತಿತ್ತು. ಲೋಕದ ಅಂಚು ಬಂತೆಂದುಕೊಂಡರು. ಅಲ್ಲಿದ್ದದ್ದು ಅಂಚಲ್ಲ, ಧೂಳು. ತಟ್ಟೆಯ ತುಂಬ ಹರಡಿದ ಸೂಕ್ಷ್ಮ ಧೂಳು ಹಿಂದಿನ ನಕ್ಷತ್ರಗಳನ್ನು ಮಂಕು ಮಾಡಿ ಕೆಂಪಗೆ ಬಣ್ಣ ಕೆಡಿಸುತ್ತದೆಂದು 1930ರಲ್ಲಿ ಟ್ರಂಪ್ಲರ್ ತೋರಿಸಿದರು. ದಟ್ಟ ಪ್ರದೇಶದಲ್ಲಿ ಅಳೆದ ಬೆಳಕು ಸುಳ್ಳು ಹೇಳುತ್ತದೆ. ಧ್ರುವದ ಕಡೆಗೆ ಧೂಳು ತೀರ ಕಡಿಮೆ. ಅಲ್ಲಿ ನಕ್ಷತ್ರದ ಬಣ್ಣ ಹುಟ್ಟಿದ ಬಣ್ಣವೇ. ಎರಡು ವರ್ಷ ಬಿಟ್ಟು, 1932ರಲ್ಲಿ, ಊರ್ಟ್ ಇನ್ನೊಂದು ಹೆಜ್ಜೆ ಇಟ್ಟರು. ಧ್ರುವದ ದಿಕ್ಕಿನಲ್ಲಿ ನಕ್ಷತ್ರಗಳು ಎಷ್ಟು ಎತ್ತರಕ್ಕೆ ಹೋಗುತ್ತವೆ, ಎಷ್ಟು ವೇಗದಲ್ಲಿ ಮರಳಿ ತಟ್ಟೆಗೆ ಬೀಳುತ್ತವೆ ಎಂಬುದನ್ನು ಹಿಡಿದು ತಟ್ಟೆಯ ತೂಕವನ್ನೇ ಲೆಕ್ಕ ಹಾಕಿದರು.

ಇಂಥ ಲೆಕ್ಕ ನಿಲ್ಲಬೇಕಾದರೆ ದ್ಯುತಿಮಾಪನ ಗಟ್ಟಿಯಾಗಬೇಕಿತ್ತು. ಚುಕ್ಕೆಯ ದಪ್ಪ ನೋಡುವ ಕಾಲ ಮುಗಿಯುತ್ತ ಬಂದಿತ್ತು. ಬೆಳಕು ಬಿದ್ದರೆ ವಿದ್ಯುತ್ ಹರಿಸುವ ಕೊಳವೆಗಳು ಬಂದವು. ಅಮೆರಿಕದ ಸ್ಟೆಬಿನ್ಸ್ ಅವರಂಥವರು ಶತಮಾನದ ಮೊದಲ ದಶಕದಿಂದಲೇ ಇದರ ಬೆನ್ನು ಹತ್ತಿದ್ದರು. ಭಾಸ್ಕರನ್ ಅವರ ನಂತರ ಬಂದ ಅಕ್ಬರ್ ಅಲಿ ಹೈದರಾಬಾದಿನ ಹಳೆಯ ಗ್ರಬ್ ದೂರದರ್ಶಕಕ್ಕೆ ಇಂಥ ವಿದ್ಯುತ್ ದ್ಯುತಿಮಾಪಕ ಜೋಡಿಸುವ ಕೆಲಸಕ್ಕೆ ಕೈಹಾಕಿದರು. ಇನ್ನೂ ದೊಡ್ಡದಾದ 48 ಅಂಗುಲದ ದೂರದರ್ಶಕಕ್ಕೂ ಅಡಿಪಾಯ ಹಾಕಿದವರು ಅವರೇ. ಅದು ಜಪಾಲ್ ರಂಗಾಪುರದಲ್ಲಿ ನಿಂತದ್ದು 1968ರಲ್ಲಿ, ಅವರ ಕಾಲ ಕಳೆದ ಮೇಲೆ.

ಆ ಬೇಗಂಪೇಟೆಯ ಅಂಗಳದಲ್ಲಿ ಒಬ್ಬ ಹುಡುಗನೂ ಬೆಳೆಯುತ್ತಿದ್ದ. ತಂದೆ ನಿಜಾಮಿಯಾ ವೀಕ್ಷಣಾಲಯದಲ್ಲಿ ಖಗೋಳಜ್ಞರು. ಹುಡುಗ ಶಾಲೆ ಕಾಲೇಜಿನ ದಿನಗಳಲ್ಲೇ ಬೆಳಕು ಏರಿಳಿಯುವ ನಕ್ಷತ್ರಗಳ ಬೆನ್ನುಹತ್ತಿದ್ದ. ಆತನೇ ಎಂ. ಕೆ. ವೈನು ಬಾಪು. 1949ರಲ್ಲಿ ಹಾರ್ವರ್ಡಿನಲ್ಲಿದ್ದಾಗ ಧೂಮಕೇತು ಕಂಡುಹಿಡಿದರು. ಮುಂದೆ ಕೊಡೈಕೆನಾಲ್, ಕಾವಲೂರು, 1971ರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಎಲ್ಲದರ ಹಿಂದೆಯೂ ಅವರ ಕೈ ಇತ್ತು. ಅದನ್ನು ಬೇರೆಯವರು ವಿಸ್ತಾರವಾಗಿ ಬರೆದಿದ್ದಾರೆ.

1948ರ ಸೆಪ್ಟೆಂಬರಿನಲ್ಲಿ, ಸರ್ವಧಾರಿ ಸಂವತ್ಸರದಲ್ಲಿ, ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ಕ್ಕೆ ಸಂಸ್ಥಾನವೇ ಮೂರು ಪಾಲಾಯಿತು. ರಾಯಚೂರು, ದೇವದುರ್ಗ, ಮಾನ್ವಿ ಮೈಸೂರು ರಾಜ್ಯ ಸೇರಿದವು; ವೀಕ್ಷಣಾಲಯ ಆಂಧ್ರಪ್ರದೇಶದಲ್ಲಿ ಉಳಿಯಿತು. ಕಚೇರಿಯ ದಫ್ತರಗಳು, ಭೂಮಿಯ ಕಾಗದಗಳು ಬಂಡಲು ಕಟ್ಟಿ ಹಂಚಿಕೆಯಾದವು. ಹನ್ನೆರಡು ಸಂಪುಟಗಳಲ್ಲಿ ಯಾರ ಪಾಲು ಎಷ್ಟೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ದೋಆಬಕ್ಕೂ ಒಂದೆರಡು ಸಂಪುಟ ಬರಬೇಕಿತ್ತೆಂದು ನಾನು ವಾದಿಸುತ್ತಿದ್ದೆ.

ಬಯಲಿನ ಫಲಕದ ಬೆಲೆ ನಿಚ್ಚಳವಾಗಿ ಕಂಡದ್ದು ನಿಜಾಮರ ಆಳ್ವಿಕೆ ಮುಗಿದ ಮೇಲೆ. 1953ರಲ್ಲಿ ಜಾನ್ಸನ್ ಮತ್ತು ಮಾರ್ಗನ್ ನೇರಳಾತೀತ, ನೀಲಿ, ಹಳದಿ ಮೂರು ಗಾಜಿನ ಮೂಲಕ ನಕ್ಷತ್ರದ ಬೆಳಕು ಅಳೆಯುವ ಪದ್ಧತಿ ಕೊಟ್ಟರು. ಹಳೆಯ ನಕ್ಷತ್ರಗಳಲ್ಲಿ ಕಬ್ಬಿಣದಂಥ ಲೋಹಗಳು ಕಡಿಮೆ. ಲೋಹ ಕಡಿಮೆಯಾದರೆ ಅದು ನುಂಗುವ ನೇರಳಾತೀತ ಬೆಳಕೂ ಕಡಿಮೆ, ಹಾಗಾಗಿ ನಮಗೆ ಅದು ಹೆಚ್ಚಾಗಿ ತಲುಪುತ್ತದೆ. ಮೂರು ಗಾಜಿನ ಅಳತೆ ನೋಡಿ ನಕ್ಷತ್ರದ ವಯಸ್ಸು ಊಹಿಸಬಹುದಾಯಿತು. 1962ರಲ್ಲಿ ಎಗ್ಗೆನ್, ಲಿಂಡೆನ್‌ಬೆಲ್, ಸ್ಯಾಂಡೇಜ್ ಮೂವರೂ 221 ನಕ್ಷತ್ರಗಳ ಈ ಅಳತೆಯನ್ನು ಅವುಗಳ ಚಲನೆಯ ಜೊತೆ ಕೂಡಿಸಿ ನೋಡಿದರು. ಲೋಹ ಕಡಿಮೆಯಿದ್ದವೇ ತಟ್ಟೆಯಿಂದ ದೂರ ಎತ್ತರಕ್ಕೆ ಹಾರಿ ಬರುವವು. ಅನಿಲದ ಒಂದು ಮಹಾ ಮೋಡ ಕುಸಿದು ತಟ್ಟೆಯಾಗುತ್ತಿದ್ದ ಕಾಲದ ಕೂಸುಗಳು ಇವೆಂದು ಅವರು ಹೇಳಿದರು. ಆ ಕಥೆಗೆ ಮುಂದೆ ಸಾಕಷ್ಟು ತಿದ್ದುಪಡಿ ಬಂದಿದೆ. ಆದರೆ ದಾರಿ ಅದೇ.

1983ರಲ್ಲಿ ಗಿಲ್ಮೋರ್ ಮತ್ತು ರೀಡ್ ನೇರವಾಗಿ ಆಕಾಶಗಂಗೆಯ ದಕ್ಷಿಣ ಧ್ರುವಕ್ಕೇ ಗುರಿಯಿಟ್ಟರು. ಅಲ್ಲಿನ ಮಂಕು ನಕ್ಷತ್ರಗಳ ಬೆಳಕನ್ನೂ ಬಣ್ಣವನ್ನೂ ಅಳೆದು, ಬಣ್ಣದಿಂದ ದೂರ ಲೆಕ್ಕ ಹಾಕಿ, ಎತ್ತರಕ್ಕೆ ಹೋದಂತೆ ನಕ್ಷತ್ರಗಳು ಹೇಗೆ ವಿರಳವಾಗುತ್ತವೆಂದು ಗೆರೆ ಎಳೆದರು. ಒಂದೇ ಗೆರೆ ಹೊಂದಲಿಲ್ಲ. ಮೊದಲ ಕೆಲವು ಸಾವಿರ ಜ್ಯೋತಿರ್ವರ್ಷ ಎಣಿಕೆ ಬೇಗ ಇಳಿದು, ಆಮೇಲೆ ನಿಧಾನವಾಯಿತು. ನಾವು ಬಲ್ಲ ತೆಳು ತಟ್ಟೆಯನ್ನು ಒಳಗಿಟ್ಟುಕೊಂಡು ಅದಕ್ಕಿಂತ ಹಲವು ಪಟ್ಟು ದಪ್ಪನೆಯ, ಹಳೆಯ ನಕ್ಷತ್ರಗಳ ಇನ್ನೊಂದು ತಟ್ಟೆಯಿದೆ ಎಂಬುದು ಹೀಗೆ ಹೊರಬಿತ್ತು. ದಪ್ಪ ತಟ್ಟೆ ಎಂದೇ ಅದರ ಹೆಸರು. ನವರಾತ್ರಿಯ ನಡುರಾತ್ರಿ ಮಾನ್ವಿಯಿಂದ ಬರಿದಾಗಿ ಕಾಣುವ ಜಾಗವೇ ಅವರು ಗುರಿಯಿಟ್ಟ ಆ ಧ್ರುವ.

ಹೈದರಾಬಾದಿನ ಅಂಕಿಗಳು ಮತ್ತೆ ಹೊರಬಂದದ್ದು 1990ರ ದಶಕದಲ್ಲಿ. ಹಿಪ್ಪಾರ್ಕಸ್ ಉಪಗ್ರಹ 1989ರಿಂದ 1993ರವರೆಗೆ ಆಕಾಶವನ್ನು ಅಳೆದಿತ್ತು. ಆದರೆ ನಾಲ್ಕು ವರ್ಷದಲ್ಲಿ ನಕ್ಷತ್ರ ಸರಿದದ್ದು ತೀರ ಅಲ್ಪ. ಚಲನೆ ತಿಳಿಯಲು ಹಳೆಯ ಸ್ಥಾನ ಬೇಕು. ಪ್ಯಾರಿಸ್ ಯೋಜನೆಯ ಎಲ್ಲ ವೀಕ್ಷಣಾಲಯಗಳ ಸಂಪುಟಗಳೂ ಕಂಪ್ಯೂಟರಿಗೆ ಏರಿದವು; ಅಮೆರಿಕದ ನೌಕಾ ವೀಕ್ಷಣಾಲಯದವರು ಅವನ್ನು ಹೊಸದಾಗಿ ಲೆಕ್ಕ ಮಾಡಿ, 46 ಲಕ್ಷ ನಕ್ಷತ್ರಗಳ ಪಟ್ಟಿ ಸಿದ್ಧಪಡಿಸಿದರು. ಚುಕ್ಕೆಯ ದಪ್ಪದಿಂದ ಎಣಿಸಿದ ಕಾಂತಿಮಾನಗಳನ್ನು ಈಗ ಯಾರೂ ನೆಚ್ಚುವುದಿಲ್ಲ. ಬೆಳಕಿಗೆ ಹೊಸ ಅಳತೆಗಳಿವೆ. ಸ್ಥಾನದ ಅಂಕಿಗಳೇ ಬೇಕಾದವು. ಟೈಕೋ-2 ಎಂದು 2000ದಲ್ಲಿ ಹೊರಬಂದ 25 ಲಕ್ಷ ನಕ್ಷತ್ರಗಳ ಪಟ್ಟಿಯಲ್ಲಿ, ಹೈದರಾಬಾದಿನ ಎರಡು ಆಕಾಶಪಟ್ಟಿಗಳಿಗೆ ಸೇರಿದ ನಕ್ಷತ್ರಗಳ ಚಲನೆಗೆ ಬೇಗಂಪೇಟೆಯ ಫಲಕಗಳು ಮುಖ್ಯ ಹಳೆಯ ಸಾಕ್ಷಿ. ದಕ್ಷಿಣದ ಫಲಕಕ್ಕೂ ಉಪಗ್ರಹಕ್ಕೂ ನಡುವೆ ಅರವತ್ತರಿಂದ ಎಂಬತ್ತು ವರ್ಷ. ವರ್ಷಕ್ಕೆ ವಿಕಲೆಯ (ಕಲೆಯ ಅರವತ್ತನೆಯ ಒಂದು ಪಾಲು ವಿಕಲೆ) ನೂರನೆಯ ಒಂದು ಪಾಲು ಸರಿಯುವ ನಕ್ಷತ್ರ ಅಷ್ಟು ಕಾಲದಲ್ಲಿ ಆ ಗಾಜಿನ ಮೇಲೆ ಕದಲುವುದು ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು. ಧ್ರುವದ ಬಯಲಿನಲ್ಲಿ ಯಾವುದು ತೆಳು ತಟ್ಟೆಯ ನಕ್ಷತ್ರ, ಯಾವುದು ದಪ್ಪ ತಟ್ಟೆಯದು ಎಂದು ಬಣ್ಣದಿಂದ ಅನುಮಾನಿಸಿದವರು ಚಲನೆಯಿಂದ ಖಾತ್ರಿ ಮಾಡಿಕೊಳ್ಳಬೇಕಾದಾಗ, ಆ ಒಂದು ಪಾಲನ್ನೇ ಹುಡುಕಿಕೊಂಡು ಹನ್ನೆರಡು ಸಂಪುಟಗಳ ಅಂಕಿಗಳಿಗೆ ಬರುತ್ತಿದ್ದರು.